ಹರಿದ ಫಾಯಿಲ್ ಏನು ಹೇಳುತ್ತದೆ: ಎಲೆಕ್ಟ್ರಾನ್ ಬೀಮ್ ಲೇಸರಿನ ಬಾಳಿಕೆ ಕುರಿತು

ಪ್ರಶ್ನೆ: ನಾನು ಮಂಡ್ಯದವನು, ಹೊರರಾಜ್ಯದ ಪ್ರಯೋಗಾಲಯವೊಂದರಲ್ಲಿ ಸಂಶೋಧನಾ ವಿದ್ಯಾರ್ಥಿ. ನಮ್ಮಲ್ಲಿ ಎಲೆಕ್ಟ್ರಾನ್ ಬೀಮ್‌ನಿಂದ ಶಕ್ತಿ ಪಡೆಯುವ ಒಂದು ಸಣ್ಣ ಕ್ರಿಪ್ಟಾನ್ ಫ್ಲೋರೈಡ್ ಲೇಸರ್ ಇದೆ. ಬೀಮ್ ಹುಟ್ಟಿಸುವ ನಿರ್ವಾತದ ಡಯೋಡಿನ (ಎಲೆಕ್ಟ್ರಾನ್ ಹೊರಡಿಸುವ ಕ್ಯಾಥೋಡ್, ಅದರ ಎದುರಿಗೆ ಆನೋಡ್ ಆಗಿ ಫಾಯಿಲ್) ವೋಲ್ಟೇಜ್ 200 ಕಿಲೋವೋಲ್ಟ್, ಕರೆಂಟ್ ಸುಮಾರು 4 ಕಿಲೋಆಂಪಿಯರ್, ಪಲ್ಸ್ 200 ನ್ಯಾನೋಸೆಕೆಂಡ್. ಬೀಮ್‌ನ ಅಡ್ಡಳತೆ 10 ಸೆಂ.ಮೀ., ಉದ್ದ 40 ಸೆಂ.ಮೀ. ಶಕ್ತಿಯನ್ನು ಕೂಡಿಟ್ಟು ಎತ್ತರದ ವೋಲ್ಟೇಜಿನಲ್ಲಿ ಬಿಡುವ ಮಾರ್ಕ್ಸ್ ಜನರೇಟರಿನಲ್ಲಿ ಪ್ರತಿ ಸಲ 300 ಜೂಲ್‌ನಷ್ಟು ಶಕ್ತಿ ತುಂಬುತ್ತೇವೆ. ಲೇಸರ್ ಕೋಶದಲ್ಲಿ ಆರ್ಗಾನ್, ಕ್ರಿಪ್ಟಾನ್ ಮತ್ತು ಅತ್ಯಲ್ಪ ಫ್ಲೋರಿನ್ ಸೇರಿ 1.5 ವಾತಾವರಣದ ಒತ್ತಡ. ನಿರ್ವಾತಕ್ಕೂ ಅನಿಲಕ್ಕೂ ನಡುವೆ 25 ಮೈಕ್ರಾನ್ ದಪ್ಪದ ಟೈಟೇನಿಯಂ ಫಾಯಿಲ್. ನಿಮಿಷಕ್ಕೆ ಒಂದು ಷಾಟ್ ಹೊಡೆಯುತ್ತೇವೆ. ತೊಂದರೆ ಏನೆಂದರೆ, ಫಾಯಿಲ್ ಒಮ್ಮೆ 40 ಷಾಟ್‌ಗೆ ಹೋಗುತ್ತದೆ, ಇನ್ನೊಮ್ಮೆ 300 ದಾಟುತ್ತದೆ. ಒಮ್ಮೆ ಹರಿದರೆ ಎರಡು ದಿನದ ಕೆಲಸ ನಿಲ್ಲುತ್ತದೆ. ಬೀಮ್‌ನ ಶಾಖಕ್ಕೆ ಫಾಯಿಲ್ ಸೋಲುತ್ತಿದೆ, 50 ಮೈಕ್ರಾನಿನದು ಹಾಕಿ ಎಂದು ಒಬ್ಬ ಹಿರಿಯರು ಹೇಳುತ್ತಾರೆ. ಈ ಬಗೆಯ ಲೇಸರೇ ನಂಬಿಕೆಗೆ ಅರ್ಹವಲ್ಲ, ಅನಿಲದಲ್ಲೇ ನೇರವಾಗಿ ವಿದ್ಯುತ್ ಹಾಯಿಸುವ ಡಿಸ್ಚಾರ್ಜ್ ಲೇಸರಿಗೆ ಬದಲಾಯಿಸಿ ಎಂದು ಮತ್ತೊಬ್ಬರು. ಯಾವುದು ಸರಿ? ಸ್ಟೇನ್‌ಲೆಸ್ ಸ್ಟೀಲ್ ಫಾಯಿಲ್ ಹಾಕಿದರೆ ಹೇಗೆ?

ಉತ್ತರ: ನಿಮ್ಮ ಪತ್ರ ಬಂದ ಮೇಲೆ, ಸಂಕ್ರಾಂತಿಗೆ ಊರಿಗೆ ಬಂದಾಗ ಹರಿದ ಫಾಯಿಲ್‌ಗಳನ್ನೂ ತನ್ನಿ ಎಂದು ಕೇಳಿಕೊಂಡಿದ್ದೆ. ನೀವು ಮೂರನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಮಂಡ್ಯದಿಂದ ಮೈಸೂರಿಗೆ ತಂದುಕೊಟ್ಟಿರಿ. ಅವನ್ನು ಮನೆಯ ಕಿಟಕಿಯ ಬೆಳಕಿಗೆ ಹಿಡಿದು, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸ್‌ನಲ್ಲಿ ನೋಡಿದ ನಂತರವೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಚಿಂತೆ ಫಾಯಿಲ್ ಒಂದರದ್ದಲ್ಲವೆಂದು ನನಗೆ ಗೊತ್ತಿದೆ. ಮುಂದಿನ ಎರಡು ವರ್ಷದ ಅಳತೆಗಳನ್ನು ಈ ಯಂತ್ರದ ಮೇಲೆ ನಂಬಿಕೆಯಿಟ್ಟು ಮಾಡಬಹುದೇ, ಅಥವಾ ಈಗಲೇ ದಾರಿ ಬದಲಿಸಬೇಕೇ ಎಂಬುದು ಅದರ ಹಿಂದಿರುವ ಪ್ರಶ್ನೆ.

ಮೊದಲು ಶಾಖದ ಮಾತನ್ನು ಲೆಕ್ಕ ಹಾಕಿ ನೋಡೋಣ, ಏಕೆಂದರೆ ಇದು ಊಹೆಗೆ ಬಿಡುವ ವಿಷಯವಲ್ಲ. ನಿಮ್ಮ 4 ಕಿಲೋಆಂಪಿಯರ್ 400 ಚದರ ಸೆಂ.ಮೀ. ಮೇಲೆ ಹರಡಿದರೆ ಪ್ರತಿ ಚದರ ಸೆಂ.ಮೀ.ಗೆ 10 ಆಂಪಿಯರ್ ಬೀಳುತ್ತದೆ, 200 ನ್ಯಾನೋಸೆಕೆಂಡಿನಲ್ಲಿ ಅದು 2 ಮೈಕ್ರೋಕೂಲಂಬ್ ಆಗುತ್ತದೆ. 200 ಕಿಲೋವೋಲ್ಟಿನ ಎಲೆಕ್ಟ್ರಾನ್ ನಿಮ್ಮ ಫಾಯಿಲನ್ನು ನೇರವಾಗಿ ದಾಟುವಾಗ 20ರಿಂದ 25 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿಯನ್ನು ಅಲ್ಲಿ ಬಿಟ್ಟು ಹೋಗುತ್ತದೆ, ಓರೆಯಾಗಿ ಚದುರಿ ಹೋಗುವವು ಇನ್ನೂ ಸ್ವಲ್ಪ ಹೆಚ್ಚು ಬಿಡುತ್ತವೆ. ಒಟ್ಟಿನಲ್ಲಿ ಚದರ ಸೆಂ.ಮೀ.ಗೆ ಸುಮಾರು 0.05 ಜೂಲ್. ಅಷ್ಟು ಶಕ್ತಿ ಅಷ್ಟು ತೆಳುವಾದ ಟೈಟೇನಿಯಮ್ಮಿನ ಉಷ್ಣತೆಯನ್ನು ಏರಿಸುವುದು ಒಂದು ಷಾಟ್‌ಗೆ ಹೆಚ್ಚೂ ಕಡಿಮೆ 10 ಡಿಗ್ರಿ ಮಾತ್ರ. ನಿಮಿಷಕ್ಕೊಂದು ಷಾಟ್ ಹೊಡೆದರೆ ಮುಂದಿನ ಷಾಟ್ ಬರುವುದರೊಳಗೆ ಫಾಯಿಲ್ ತಣ್ಣಗಾಗಿರುತ್ತದೆ. ಟೈಟೇನಿಯಂ ಕರಗುವುದು 1668 ಡಿಗ್ರಿಯಲ್ಲಿ. ಆದ್ದರಿಂದ ಸಮನಾಗಿ ಹರಡಿದ ಬೀಮ್‌ನ ಶಾಖಕ್ಕೆ ನಿಮ್ಮ ಫಾಯಿಲ್ ಸೋಲುತ್ತಿದೆ ಎಂಬ ಮಾತು ನಿಲ್ಲುವುದಿಲ್ಲ. ಸೆಕೆಂಡಿಗೆ ಐದು ಷಾಟ್ ಹೊಡೆಯುವ ಯಂತ್ರದಲ್ಲಿ ಶಾಖವೇ ಮುಖ್ಯ ಸಮಸ್ಯೆಯಾಗುತ್ತದೆ, ನಿಮ್ಮಲ್ಲಿ ಹಾಗಿಲ್ಲ.

ಇನ್ನೊಂದು ಲೆಕ್ಕ ನೋಡಿ. ಅದೇ ಫಾಯಿಲ್‌ನಲ್ಲಿ ಒಂದು ಚದರ ಮಿಲಿಮೀಟರಿನಷ್ಟು ಜಾಗವನ್ನು ಪೂರ್ತಿ ಕರಗಿಸಿ ತೂತು ಮಾಡಲು ಬೇಕಾಗುವ ಶಕ್ತಿ ಎಷ್ಟು? ಆ ತುಣುಕಿನ ತೂಕ 0.11 ಮಿಲಿಗ್ರಾಂ, ಅದನ್ನು ಕರಗುವ ಮಟ್ಟಕ್ಕೆ ತಂದು ಕರಗಿಸಲು ಸುಮಾರು 0.15 ಜೂಲ್ ಸಾಕು. ನೀವು ಮಾರ್ಕ್ಸ್‌ನಲ್ಲಿ ತುಂಬುವುದು 300 ಜೂಲ್. ಬೀಮ್ ಪಲ್ಸ್‌ನಲ್ಲಿ ಖರ್ಚಾಗುವುದು 200 ಕಿಲೋವೋಲ್ಟ್, 4 ಕಿಲೋಆಂಪಿಯರ್, 200 ನ್ಯಾನೋಸೆಕೆಂಡ್ ಗುಣಿಸಿದರೆ ಬರುವ 160 ಜೂಲ್. ಉಳಿದ 140 ಜೂಲ್ ಎಲ್ಲಿ ಹೋಗುತ್ತದೆ? ಸ್ವಲ್ಪ ಸ್ವಿಚ್‌ಗಳಲ್ಲಿ, ಸ್ವಲ್ಪ ರೆಸಿಸ್ಟರ್‌ಗಳಲ್ಲಿ ಖರ್ಚಾಗುತ್ತದೆ ನಿಜ. ಆದರೆ ಅದರ ಸಾವಿರದಲ್ಲೊಂದು ಪಾಲು ಫಾಯಿಲ್‌ನ ಒಂದೇ ಬಿಂದುವಿನ ಮೇಲೆ ಆರ್ಕ್ ಆಗಿ, ಅಂದರೆ ಲೋಹ ಕರಗಿಸುವ ಕಿಡಿಯಾಗಿ, ಇಳಿದರೂ ನಿಮ್ಮ ಎರಡು ದಿನ ಹೋದವು. ನನ್ನ ಅನುಭವದಲ್ಲಿ ನಿಧಾನವಾಗಿ ಷಾಟ್ ಹೊಡೆಯುವ ಯಂತ್ರಗಳ ಫಾಯಿಲ್ ಬಹುಪಾಲು ಕೆಡುವುದು ಬೀಮ್ ಹಾಯುವಾಗಲ್ಲ, ಬೀಮ್ ಮುಗಿದ ಮೇಲಿನ ಕೆಲವು ಮೈಕ್ರೋಸೆಕೆಂಡುಗಳಲ್ಲಿ.

ನಿಮ್ಮ ಫಾಯಿಲ್‌ಗಳು ಇದನ್ನೇ ಹೇಳುತ್ತಿವೆ. ಮೊದಲನೆಯದರಲ್ಲಿ ಅರ್ಧ ಮಿಲಿಮೀಟರಿನ ಒಂದೇ ದುಂಡು ತೂತಿದೆ, ಅದರ ಅಂಚು ಕರಗಿ ಮಣಿಯಂತೆ ಉಬ್ಬಿ ಗಟ್ಟಿಯಾಗಿದೆ, ಆ ಉಬ್ಬು ಇರುವುದು ನಿರ್ವಾತದ ಮಗ್ಗುಲಿಗೆ. ಎರಡನೆಯದನ್ನು ಬೆಳಕಿಗೆ ಹಿಡಿದಾಗ ಅಮಾವಾಸ್ಯೆಯ ಆಕಾಶದಂತೆ ಚುಕ್ಕಿಗಳು ಕಾಣುತ್ತವೆ. ಆದರೆ ಅವು ಎಲ್ಲೆಡೆ ಹರಡಿಲ್ಲ, ಮುಕ್ಕಾಲು ಪಾಲು ಕಿರಿದಾದ ಎರಡು ತುದಿಗಳ ಹತ್ತಿರ ಗುಂಪುಗೂಡಿವೆ. ಮೂರನೆಯದು ಫಾಯಿಲನ್ನು ಹೊರುವ ಲೋಹದ ಪಟ್ಟಿಯಾದ ರಿಬ್‌ನ ಗುಂಟ ಆರು ಸೆಂ.ಮೀ. ಉದ್ದಕ್ಕೆ ಸೀಳಿದೆ. ಇದನ್ನು ನೀವು ಒತ್ತಡಕ್ಕೆ ಹರಿದದ್ದು ಎಂದು ಗುರುತು ಹಾಕಿದ್ದೀರಿ. ಸೀಳಿನ ನಡುಭಾಗವನ್ನು ಲೆನ್ಸ್‌ನಲ್ಲಿ ನೋಡಿ, ಅಲ್ಲಿಯೂ ಒಂದು ಕರಗಿದ ಮಣಿ ಇದೆ. ಮೊದಲು ಪಿನ್‌ಹೋಲ್ ಆಗಿ, ಆಮೇಲೆ ಅನಿಲದ ಒತ್ತಡ ಅದನ್ನು ಎರಡೂ ಕಡೆಗೆ ಹರಿದಿದೆ. ಮತ್ತೆ ಮತ್ತೆ ಎಳೆತ ಬಿದ್ದು ಬಳಲಿಕೆಯಿಂದ ಹರಿದ ಲೋಹದ ಅಂಚು ಕರಗಿರುವುದಿಲ್ಲ, ಚೂಪಾಗಿ ಹರಿದಿರುತ್ತದೆ. ಅಲ್ಲದೆ ಬಳಲಿಕೆಯೇ ಕಾರಣವಾಗಿದ್ದರೆ ಫಾಯಿಲ್‌ಗಳು ಸರಿಸುಮಾರು ಒಂದೇ ವಯಸ್ಸಿಗೆ ಹೋಗಬೇಕಿತ್ತು. ಒಮ್ಮೆ 40, ಒಮ್ಮೆ 300 ಎಂಬ ಈ ಚೆಲ್ಲಾಪಿಲ್ಲಿ ಲೆಕ್ಕವೇ ಆರ್ಕ್‌ನ ಗುರುತು.

ಬೀಮ್ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿ ಬೆಳೆದವರಿಗೆ ಇದು ಕಷ್ಟದ ಮಾತಲ್ಲ: ತುಂಬಿ ಹರಿಯುವ ಕಾಲುವೆಯ ತೂಬನ್ನು ಥಟ್ಟನೆ ಇಳಿಸಿದರೆ ನೀರು ಅಲ್ಲೇ ನಿಲ್ಲುವುದಿಲ್ಲ, ಅಲೆಯೊಂದು ಎದ್ದು ಹಿಂದಕ್ಕೆ ಹೋಗುತ್ತದೆ. ಶಕ್ತಿಯನ್ನು ಪಲ್ಸ್ ಆಗಿ ಡಯೋಡಿಗೆ ಒಯ್ಯುವ ಪಲ್ಸ್ ಲೈನಿನಲ್ಲಿಯೂ ಹಾಗೆಯೇ, ಲೈನಿನ ಇಂಪೀಡೆನ್ಸಿಗೂ (ಕರೆಂಟಿಗೆ ಒಡ್ಡುವ ಅಡ್ಡಿ) ಡಯೋಡಿನ ಇಂಪೀಡೆನ್ಸಿಗೂ ಹೊಂದಿಕೆ ಇಲ್ಲದಿದ್ದರೆ ಬಂದ ಶಕ್ತಿಯ ಒಂದು ಪಾಲು ಹಿಂದಿರುಗಿ, ಇನ್ನೊಂದು ತುದಿಗೆ ಬಡಿದು, ಮತ್ತೆ ಡಯೋಡಿಗೆ ಬರುತ್ತದೆ. ಪಲ್ಸ್ ನಡೆಯುವಾಗ ನಿಮ್ಮ ಡಯೋಡಿನ ಇಂಪೀಡೆನ್ಸ್ 50 ಓಮ್. ಆದರೆ ಅದು ಅಷ್ಟರಲ್ಲೇ ನಿಲ್ಲುವುದಿಲ್ಲ. ಕ್ಯಾಥೋಡಿನ ಮೇಲೆ ಹುಟ್ಟಿದ ಪ್ಲಾಸ್ಮಾ ಮೈಕ್ರೋಸೆಕೆಂಡಿಗೆ ಒಂದರಿಂದ ಮೂರು ಸೆಂ.ಮೀ. ವೇಗದಲ್ಲಿ ಫಾಯಿಲ್‌ನ ಕಡೆಗೆ ಹರಡುತ್ತದೆ. 200 ಕಿಲೋವೋಲ್ಟ್‌ನಲ್ಲಿ ಚದರ ಸೆಂ.ಮೀ.ಗೆ 10 ಆಂಪಿಯರ್ ಬರಬೇಕಾದರೆ ಚೈಲ್ಡ್–ಲ್ಯಾಂಗ್ಮ್ಯೂರ್ ನಿಯಮದ (ವೋಲ್ಟೇಜಿಗೂ ಅಂತರಕ್ಕೂ ತಕ್ಕ ಕರೆಂಟಿನ ಮಿತಿ) ಪ್ರಕಾರ ಕ್ಯಾಥೋಡಿಗೂ ಫಾಯಿಲಿಗೂ ನಡುವಿನ ಅಂತರ ಸುಮಾರು 4.5 ಸೆಂ.ಮೀ. ಇರಬೇಕು. ಪಲ್ಸ್‌ನ ಅವಧಿಯಲ್ಲಿ ಪ್ಲಾಸ್ಮಾ ನಾಲ್ಕು ಮಿಲಿಮೀಟರ್ ಮುಂದೆ ಬಂದರೆ ಕರೆಂಟ್ ಶೇ. 20ರಷ್ಟು ಏರುತ್ತದೆ, ಅಷ್ಟನ್ನು ತಡೆದುಕೊಳ್ಳಬಹುದು. ಎರಡು ಮೈಕ್ರೋಸೆಕೆಂಡ್ ಕಳೆದ ಮೇಲೆ ಆ ಅಂತರವೇ ಬಹುಪಾಲು ತುಂಬಿಹೋಗಿರುತ್ತದೆ, ಡಯೋಡ್ ಎಂಬುದು ಉಳಿದೇ ಇರುವುದಿಲ್ಲ. ಆ ಹೊತ್ತಿಗೆ ಬರುವ ಯಾವ ಶಕ್ತಿಯೂ ಹರಡಿಕೊಂಡ ಬೀಮ್ ಆಗಿ ಹೋಗುವುದಿಲ್ಲ, ಸಿಕ್ಕ ಕಡೆ ಆರ್ಕ್ ಆಗಿ ಕಚ್ಚಿಕೊಳ್ಳುತ್ತದೆ.

ಇದಕ್ಕಿಂತ ಕೆಟ್ಟದ್ದು ವೋಲ್ಟೇಜ್ ತಿರುಗುವುದು. ಡಯೋಡಿನ ಇಂಪೀಡೆನ್ಸ್ ಲೈನಿನದಕ್ಕಿಂತ ಕೆಳಗೆ ಇಳಿದರೆ, ಹಿಂದಿರುಗಿ ಬರುವ ಅಲೆ ಉಲ್ಟಾ ಧ್ರುವದ್ದಾಗಿರುತ್ತದೆ. ಆಗ ಫಾಯಿಲ್ ಆನೋಡ್ ಆಗಿ ಉಳಿಯದೆ ಕ್ಯಾಥೋಡ್ ಆಗಿಬಿಡುತ್ತದೆ. ಕ್ಯಾಥೋಡಿನ ಸ್ವಭಾವವೇ ತನ್ನ ಮೇಲಿನ ಅತಿ ಸಣ್ಣ ಮೊನೆಗಳಲ್ಲಿ ಕರೆಂಟನ್ನು ಕೇಂದ್ರೀಕರಿಸಿ ಸಿಡಿಯುವುದು. ಫಾಯಿಲ್ ಮೇಲಿನ ಒಂದು ಗೀರು, ಒಂದು ಧೂಳಿನ ಕಣ, ಜೋಡಿಸುವಾಗ ಬಿದ್ದ ಒಂದು ಸುಕ್ಕು ಸಾಕು. ನಿರ್ವಾತದ ಮಗ್ಗುಲಿಗೆ ಉಬ್ಬಿರುವ ಆ ಮಣಿಗಳು ಇಂಥ ಬಿಂದುಗಳ ಗುರುತುಗಳೆಂದೇ ನಾನು ಓದುತ್ತೇನೆ.

ಈಗ ನೀವು ಪತ್ರದ ಜೊತೆ ಕಳಿಸಿದ ವೋಲ್ಟೇಜ್ ಟ್ರೇಸ್‌ನ ಫೋಟೋ ನೋಡಿ. ಬಹಳ ಅಂದವಾದ ಪಲ್ಸ್, ಆದರೆ ಪರದೆಯ ಅಗಲ ಕೇವಲ 500 ನ್ಯಾನೋಸೆಕೆಂಡ್. ಕತೆ ಶುರುವಾಗುವುದೇ ಆ ಪರದೆಯ ಬಲ ಅಂಚಿನ ಆಚೆ. ನಾಳೆಯೇ ಮಾಡಬಹುದಾದ, ಒಂದು ಪೈಸೆಯ ಖರ್ಚೂ ಇಲ್ಲದ ಕೆಲಸ ಇದು: ಆಸಿಲೋಸ್ಕೋಪಿನ ಕಾಲದ ಅಳತೆಯನ್ನು ಹಿಗ್ಗಿಸಿ 10 ಮೈಕ್ರೋಸೆಕೆಂಡಿನವರೆಗೆ ನೋಡಿ, ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ. ಆದರೆ ಅಲ್ಲಿ ಕಂಡದ್ದನ್ನೆಲ್ಲ ಹಾಗೆಯೇ ನಂಬಬೇಡಿ. ವೋಲ್ಟೇಜನ್ನು ಅಳೆಯುವ ಮಟ್ಟಕ್ಕೆ ಇಳಿಸಲು ನೀವು ಬಳಸುವುದು ಕೆಪ್ಯಾಸಿಟಿವ್ ಡಿವೈಡರ್. ಅದರ ಕೆಳಗಿನ ಕೆಪ್ಯಾಸಿಟರ್ 20 ನ್ಯಾನೋಫ್ಯಾರಡ್ ಇದ್ದು ನೇರ 50 ಓಮ್‌ಗೆ ಸೇರಿದ್ದರೆ ಅದರ ಕಾಲಾವಧಿ ಒಂದೇ ಮೈಕ್ರೋಸೆಕೆಂಡ್. ಅಂದರೆ ಪಲ್ಸ್ ಮುಗಿದ ಮೇಲೆ ನಿಜದಲ್ಲಿ ವೋಲ್ಟೇಜ್ ಸೊನ್ನೆಯಲ್ಲಿದ್ದರೂ ಟ್ರೇಸ್ ಮಾತ್ರ ಉಲ್ಟಾ ಕಡೆಗೆ ಇಳಿದು ತೋರಿಸುತ್ತದೆ. ಇಲ್ಲದ ದೋಷವನ್ನು ಹುಡುಕುತ್ತಾ ತಿಂಗಳುಗಟ್ಟಲೆ ಕಳೆದವರನ್ನು ನೋಡಿದ್ದೇನೆ. ಮೊದಲು ಪಲ್ಸ್ ಜನರೇಟರಿನಿಂದ ಒಂದು ಉದ್ದದ ಚೌಕ ಪಲ್ಸ್ ಕೊಟ್ಟು ಡಿವೈಡರ್ ಎಷ್ಟು ಬೇಗ ಕುಸಿಯುತ್ತದೆ ಎಂದು ಅಳೆದುಕೊಳ್ಳಿ, ಅಥವಾ ತಾಮ್ರದ ಸಲ್ಫೇಟ್ ದ್ರಾವಣದ ರೆಸಿಸ್ಟಿವ್ ಡಿವೈಡರ್ ಒಂದನ್ನು ಪಕ್ಕದಲ್ಲಿ ಕಟ್ಟಿಕೊಂಡು ಎರಡನ್ನೂ ಹೋಲಿಸಿ. ಡಯೋಡಿಗೆ ಪಕ್ಕದ ಗಾಜಿನ ಕಿಟಕಿ ಇದ್ದರೆ ಕತ್ತಲಲ್ಲಿ ಷಟರ್ ತೆರೆದಿಟ್ಟು ಒಂದು ಫೋಟೋ ತೆಗೆಯಿರಿ. ಫಾಯಿಲ್ ಮೇಲೆ ಚೂಪಾದ ಬೆಳಕಿನ ಬಿಂದುಗಳು ಕಂಡರೆ ಸಂಶಯಕ್ಕೆ ಎಡೆಯಿಲ್ಲ.

ಪಲ್ಸ್ ಮುಗಿದ ಮೇಲಿನ ಬಾಲದಲ್ಲಿ ಶಕ್ತಿ ಇದೆಯೆಂದು ಖಚಿತವಾದರೆ ಅದನ್ನು ತಡೆಯಲು ಕೆಲವು ದಾರಿಗಳಿವೆ, ಯಾವುದೂ ಪುಕ್ಕಟೆಯಲ್ಲ. ನಾನು ಮೊದಲು ಆರಿಸುವುದು ಹೊಂದಿಕೆಯನ್ನು: ಕ್ಯಾಥೋಡಿನ ಅಂತರವನ್ನು ಕೊಂಚ ಹೆಚ್ಚಿಸಿ, ಪಲ್ಸ್‌ನ ಕೊನೆಯವರೆಗೂ ಡಯೋಡಿನ ಇಂಪೀಡೆನ್ಸ್ ಲೈನಿನದಕ್ಕಿಂತ ತುಸು ಮೇಲೆಯೇ ಇರುವಂತೆ ನೋಡಿಕೊಳ್ಳುವುದು. ಆಗ ಉಳಿಕೆ ಅಲೆ ಅದೇ ಧ್ರುವದ್ದಾಗಿ ಬರುತ್ತದೆ, ಫಾಯಿಲ್ ಆನೋಡ್ ಆಗಿಯೇ ಉಳಿಯುತ್ತದೆ. ಇದರಲ್ಲಿ ಬೀಮ್‌ನ ಕರೆಂಟ್ ಸ್ವಲ್ಪ ಕಡಿಮೆಯಾಗುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು, ಉಳಿಕೆ ಅಲೆಯ ವೋಲ್ಟೇಜ್ 50 ಕಿಲೋವೋಲ್ಟಿನ ಆಸುಪಾಸಿನಲ್ಲಿದ್ದರೆ ಆ ಎಲೆಕ್ಟ್ರಾನ್‌ಗಳು ಫಾಯಿಲನ್ನು ದಾಟಲಾರವು, ತಮ್ಮ ಶಕ್ತಿಯನ್ನೆಲ್ಲ ಅದರೊಳಗೇ ಸುರಿಯುತ್ತವೆ. ಆದ್ದರಿಂದ ಹೊಂದಿಕೆಯ ಜೊತೆಗೆ ಮಾರ್ಕ್ಸ್‌ನಲ್ಲಿ ತುಂಬುವ ಶಕ್ತಿಯನ್ನೂ ಇಳಿಸಬೇಕು. 160 ಜೂಲ್ ಬಳಸುವ ಯಂತ್ರಕ್ಕೆ 300 ತುಂಬುವುದು ನನಗೆ ಒಪ್ಪಿಗೆಯಾಗುವ ವಿನ್ಯಾಸವಲ್ಲ.

ಎರಡನೆಯ ದಾರಿ ಡಯೋಡಿಗೆ ಸಮಾನಾಂತರವಾಗಿ ಒಂದು ದ್ರವ ರೆಸಿಸ್ಟರ್. ಸರಳ, ಅಗ್ಗ, ಎಂದೂ ಕೈಕೊಡುವುದಿಲ್ಲ. ಡಯೋಡಿನ ಐದು ಪಟ್ಟು, ಅಂದರೆ 250 ಓಮ್ ಇಟ್ಟರೆ ಮುಖ್ಯ ಪಲ್ಸ್‌ನ ಶಕ್ತಿಯಲ್ಲಿ ಆರನೇ ಒಂದು ಪಾಲು ಅದರಲ್ಲೇ ಹೋಗುತ್ತದೆ. ಆದರೆ ಡಯೋಡ್ ಪ್ಲಾಸ್ಮಾದಿಂದ ಮುಚ್ಚಿಕೊಂಡ ಮೇಲೆ ಕರೆಂಟ್ ಸುಲಭದ ದಾರಿಯಾದ ಆರ್ಕನ್ನೇ ಹಿಡಿಯುವುದರಿಂದ ತಡವಾಗಿ ಬರುವ ಶಕ್ತಿಗೆ ಇದರ ರಕ್ಷಣೆ ಅರ್ಧಂಬರ್ಧ. ಮೂರನೆಯದು ಕ್ರೋಬಾರ್: ಮುಖ್ಯ ಪಲ್ಸ್ ಮುಗಿದ ಕೂಡಲೇ ಬೆಳಗಿ, ಉಳಿದ ಶಕ್ತಿಯನ್ನು ಡಯೋಡಿನಿಂದ ಬೇರೆಡೆಗೆ ತಿರುಗಿಸುವ ಸ್ಪಾರ್ಕ್ ಗ್ಯಾಪ್, ಅಂದರೆ ಕಿಡಿ ಹಾರಿ ಕರೆಂಟಿಗೆ ದಾರಿ ಬಿಡುವ ಸ್ವಿಚ್. ಸರಿಯಾಗಿ ಕೆಲಸ ಮಾಡಿದರೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಅದು ಬೇಗ ಬೆಳಗಿದರೆ ಪಲ್ಸನ್ನು ಕತ್ತರಿಸುತ್ತದೆ, ತಡವಾದರೆ ಇದ್ದೂ ಇಲ್ಲದಂತೆ. ಅದರ ಎಲೆಕ್ಟ್ರೋಡುಗಳು ಸವೆದಂತೆ ಹೊತ್ತು ಜಾರುತ್ತಾ ಹೋಗುತ್ತದೆ. ಹೊಂದಿಕೆಯಿಂದ ಎಷ್ಟು ಲಾಭವಾಯಿತೆಂದು ನೋಡಿದ ಮೇಲಷ್ಟೇ ಕ್ರೋಬಾರ್‌ಗೆ ಕೈಹಾಕಿ.

ನಾವೂ ಇದೇ ತಪ್ಪು ದಾರಿಯಲ್ಲಿ ನಡೆದಿದ್ದೇವೆ. ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಫಾಯಿಲ್ ಹರಿದಾಗಲೆಲ್ಲ ದಪ್ಪ ಹೆಚ್ಚಿಸಿದೆವು, 20 ಮೈಕ್ರಾನಿನಿಂದ 25ಕ್ಕೆ, ಅಲ್ಲಿಂದ 40ಕ್ಕೆ. ತೂತುಗಳು ಕಡಿಮೆಯಾದವು, ನಿಲ್ಲಲಿಲ್ಲ. ಲೇಸರಿನ ಶಕ್ತಿ ಮಾತ್ರ ಕಣ್ಣೆದುರೇ ಇಳಿಯಿತು. ಹರಿದ ಫಾಯಿಲ್‌ಗಳನ್ನು ಎಸೆಯದೆ, ಪ್ರತಿ ತೂತಿನ ಸ್ಥಾನವನ್ನು ಒಂದೇ ಗ್ರಾಫ್ ಹಾಳೆಯ ಮೇಲೆ ಗುರುತಿಸುತ್ತಾ ಹೋದವರು ನಮ್ಮ ಟೆಕ್ನಿಷಿಯನ್. ಹದಿನಾಲ್ಕು ಫಾಯಿಲ್‌ಗಳ ತೂತುಗಳು ಆ ಹಾಳೆಯ ಮೇಲೆ ಕ್ಯಾಥೋಡಿನ ಹೊರಗೆರೆಯನ್ನೇ ಬಿಡಿಸಿಬಿಟ್ಟಿದ್ದವು. ಕಾರಣ ಫಾಯಿಲ್‌ನಲ್ಲಿಲ್ಲ, ಅದರ ಎದುರಿಗಿರುವುದರಲ್ಲಿದೆ ಎಂದು ಆ ದಿನ ಎಲ್ಲರಿಗೂ ಅರ್ಥವಾಯಿತು.

50 ಮೈಕ್ರಾನ್ ಹಾಕಿದರೆ ನಿಮ್ಮ ಯಂತ್ರದಲ್ಲಿ ಏನಾಗುತ್ತದೆಂದೂ ನೋಡೋಣ. ಫಾಯಿಲ್‌ನಲ್ಲಿ ಕಳೆದುಹೋಗುವ ಶಕ್ತಿ ಎರಡು ಪಟ್ಟು ದಾಟುತ್ತದೆ, 200 ಕಿಲೋವೋಲ್ಟ್‌ನಲ್ಲಿ ಅದು ಕಾಲು ಪಾಲಿಗೆ ಹತ್ತಿರ. ಒಳಗೆ ಹೋದ ಎಲೆಕ್ಟ್ರಾನ್‌ಗಳೂ ಹೆಚ್ಚು ಚದುರಿರುವುದರಿಂದ ಅನಿಲದ ಮೇಲ್ಪದರದಲ್ಲೇ ಶಕ್ತಿಯನ್ನು ಸುರಿದು, ಕೋಶದ ಆಳದಲ್ಲಿ ಲೇಸರಿಗೆ ಬೇಕಾದ ಗೇನ್ (ಅನಿಲ ಬೆಳಕನ್ನು ಹೆಚ್ಚಿಸುವ ಪ್ರಮಾಣ) ಸೊರಗುತ್ತದೆ. 500 ಕಿಲೋವೋಲ್ಟಿನ ಯಂತ್ರದಲ್ಲಿ 25 ಮೈಕ್ರಾನ್ ಟೈಟೇನಿಯಂ ನೇರವಾಗಿ ತಿನ್ನುವುದು ಶೇ. 3ರಿಂದ 4ರಷ್ಟೇ. ಆದ್ದರಿಂದ ದಪ್ಪ ಫಾಯಿಲ್ ಎಂಬ ಸಲಹೆ ದೊಡ್ಡ ಯಂತ್ರದವರ ಬಾಯಲ್ಲಿ ಸರಿಯಾಗಿರಬಹುದು, ನಿಮ್ಮದಕ್ಕೆ ಅದು ದುಬಾರಿ. ಆರ್ಕ್‌ನ ದೃಷ್ಟಿಯಿಂದಲಾದರೋ, 0.15 ಜೂಲ್ ಇದ್ದದ್ದು 0.3 ಆಗುತ್ತದೆ, ಅಷ್ಟೆ.

ಫಾಯಿಲಿಗೆ ಬಲ ಬೇಕೆಂದರೆ ಅದನ್ನು ದಪ್ಪದಲ್ಲಿ ಹುಡುಕುವ ಮೊದಲು ಆಕಾರದಲ್ಲಿ ಹುಡುಕಿ. ಬಿಗಿಯಾಗಿ ಎಳೆದು ಕೂರಿಸಿದ ಫಾಯಿಲ್ ಗಟ್ಟಿ ಎಂಬ ನಂಬಿಕೆ ಬಹಳ ಕಡೆ ಇದೆ. ಬಟ್ಟೆ ಒಣಹಾಕುವ ಹಗ್ಗವನ್ನು ನೆನೆಸಿಕೊಳ್ಳಿ, ಸ್ವಲ್ಪ ಜೋಲು ಬಿಟ್ಟು ಕಟ್ಟಿದ ಹಗ್ಗ ಒದ್ದೆ ಜಮಖಾನವನ್ನೂ ಹೊರುತ್ತದೆ, ತಂತಿಯಂತೆ ಬಿಗಿದದ್ದು ಮೊಳೆಯನ್ನೇ ಕಿತ್ತುಕೊಂಡು ಬರುತ್ತದೆ. ನಿಮ್ಮ ರಿಬ್‌ಗಳ ನಡುವೆ 2 ಸೆಂ.ಮೀ. ಅಂತರವಿದೆ. ಫಾಯಿಲ್ 20 ಮಿಲಿಮೀಟರ್ ತ್ರಿಜ್ಯದ ಕಮಾನಿನಂತೆ ಉಬ್ಬಲು ಬಿಟ್ಟರೆ 1.5 ವಾತಾವರಣದ ಒತ್ತಡಕ್ಕೆ ಅದರಲ್ಲಿ ಹುಟ್ಟುವ ಎಳೆತ ಸುಮಾರು 120 ಮೆಗಾಪ್ಯಾಸ್ಕಲ್. ಬಹುತೇಕ ಚಪ್ಪಟೆಯಾಗಿ, 60 ಮಿಲಿಮೀಟರ್ ತ್ರಿಜ್ಯಕ್ಕೆ ಕಟ್ಟಿಹಾಕಿದರೆ ಅದು 360 ಆಗುತ್ತದೆ, ಗ್ರೇಡ್ 2 ಎಂಬ ಶುದ್ಧ ಟೈಟೇನಿಯಂ 275ರ ಆಸುಪಾಸಿನಲ್ಲೇ ಮಣಿಯಲು ಶುರುಮಾಡುತ್ತದೆ. ಮೊದಲ ಸಲ ಅನಿಲ ತುಂಬಿದಾಗಲೇ ರಿಬ್‌ನ ಅಂಚಿನಲ್ಲಿ ಅದು ಜಗ್ಗಿ ತೆಳುವಾಗಿರುತ್ತದೆ. ಸುಮಾರು ಎರಡೂವರೆ ಮಿಲಿಮೀಟರ್ ಉಬ್ಬಿಗೆ ಜಾಗ ಕೊಟ್ಟು, ರಿಬ್‌ನ ಅಂಚನ್ನು ದುಂಡಗೆ ಮಾಡಿ, ನಯವಾದ ಮರಳುಕಾಗದದಲ್ಲಿ ಕನ್ನಡಿಯಂತೆ ತಿಕ್ಕಿ. ಪ್ರತಿ ಷಾಟ್‌ಗೆ ಬಿಸಿಯಾದ ಅನಿಲದಿಂದ ಹತ್ತನೇ ಒಂದು ವಾತಾವರಣದಷ್ಟು ಹೆಚ್ಚುವರಿ ಪೆಟ್ಟೂ ಬೀಳುತ್ತದೆಂಬುದನ್ನು ಲೆಕ್ಕದಲ್ಲಿಡಿ.

ಸ್ಟೀಲೋ ಟೈಟೇನಿಯಮ್ಮೋ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಫ್ಲೋರಿನ್‌ನಲ್ಲಿದೆ. ಟೈಟೇನಿಯಂ ಹಗುರ, ಎಲೆಕ್ಟ್ರಾನಿಗೆ ಕಡಿಮೆ ಅಡ್ಡಿ. ಆದರೆ ಬಿಸಿಯಾದಾಗ ಫ್ಲೋರಿನ್ ಜೊತೆ ಸೇರಿ ಟೈಟೇನಿಯಂ ಟೆಟ್ರಾಫ್ಲೋರೈಡ್ ಆಗುತ್ತದೆ, ಅದು ಸುಮಾರು 284 ಡಿಗ್ರಿಯಲ್ಲಿ ಆವಿಯಾಗಿ ಹಾರಿಹೋಗುವ ವಸ್ತು, ಹಾಗಾಗಿ ಕೆಳಗಿನ ಲೋಹ ಮತ್ತೆ ಮತ್ತೆ ತೆರೆದುಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಹುಟ್ಟುವ ಫ್ಲೋರೈಡ್ ಪದರ ಅಲ್ಲೇ ನಿಂತು ಒಳಗಿನ ಲೋಹವನ್ನು ಕಾಯುತ್ತದೆ, ಸೆಕೆಂಡಿಗೆ ಹಲವು ಷಾಟ್ ಹೊಡೆಯುವವರು ಸ್ಟೀಲ್ ಬಳಸುವುದಕ್ಕೆ ಇದೂ ಒಂದು ಕಾರಣ. ನಿಮ್ಮ ಫಾಯಿಲ್ ತಣ್ಣಗೇ ಇರುವುದರಿಂದ ಸದ್ಯಕ್ಕೆ ಟೈಟೇನಿಯಂ ಬಿಡಬೇಕಾಗಿಲ್ಲ. ಮುಂದೆ ವೇಗ ಹೆಚ್ಚಿಸುವ ಯೋಚನೆಯಿದ್ದರೆ ಈ ಮಾತು ನೆನಪಿರಲಿ.

ಇನ್ನು ಆ ತುದಿಗಳಲ್ಲಿ ಗುಂಪುಗೂಡಿದ ಚುಕ್ಕಿಗಳು. ನಿಮ್ಮ ಕ್ಯಾಥೋಡ್ ವೆಲ್ವೆಟ್ ಬಟ್ಟೆಯದು, ನಾವೂ ಬಟ್ಟೆ ಅಂಗಡಿಯಿಂದಲೇ ತರುತ್ತಿದ್ದೆವು, ಕಡಿಮೆ ವಿದ್ಯುತ್ ಕ್ಷೇತ್ರದಲ್ಲೇ ಸಮನಾಗಿ ಹೊತ್ತಿಕೊಳ್ಳುವುದರಲ್ಲಿ ಅದರಷ್ಟು ಒಳ್ಳೆಯ ಅಗ್ಗದ ವಸ್ತು ಇಲ್ಲ. ಆದರೆ ಬಟ್ಟೆಯ ಅಂಚಿನಲ್ಲಿ ಕ್ಷೇತ್ರ ಕೇಂದ್ರೀಕೃತವಾಗಿ, ಅಲ್ಲಿಂದ ನಡುಭಾಗಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಕರೆಂಟ್ ಹೊರಡಬಹುದು. ಕತ್ತರಿಸಿದ ಅಂಚಿನಲ್ಲಿ ಬಿಡಿ ಎಳೆಗಳು ಚಾಚಿಕೊಂಡಿದ್ದರೆ ಇನ್ನೂ ಕಷ್ಟ. ವೆಲ್ವೆಟ್ಟನ್ನು ಲೋಹದ ಚೌಕಟ್ಟಿನ ಮಟ್ಟಕ್ಕಿಂತ ಒಂದೆರಡು ಮಿಲಿಮೀಟರ್ ಒಳಗೆ ಕೂರಿಸಿ, ಸುತ್ತಲೂ ದುಂಡನೆಯ, ಪಾಲಿಷ್ ಮಾಡಿದ ಅಂಚನ್ನು ಕೊಡಿ. ಬಿಡಿ ಎಳೆಗಳು ಒಂದೂ ಇರಬಾರದು. ಮುನ್ನೂರು ಷಾಟ್ ಕಂಡ ಬಟ್ಟೆಯನ್ನು ಮುಟ್ಟಿ ನೋಡಿದರೆ ಅದರ ಕೂದಲು ಬೋಳಾಗಿರುವ ಜಾಗಗಳು ಬೆರಳಿಗೆ ತಿಳಿಯುತ್ತವೆ, ಆ ಹೊತ್ತಿಗೆ ಅದನ್ನು ಬದಲಿಸಲೇಬೇಕು. ಅದು ಅನಿಲವನ್ನೂ ಬಿಡುವುದರಿಂದ ವೇಗದ ಯಂತ್ರಗಳಲ್ಲಿ ಇಂಗಾಲದ ನಾರು ಮತ್ತು ಸೆರಾಮಿಕ್ ಕಡೆಗೆ ಹೋಗಿದ್ದಾರೆ.

ಈ ಬಗೆಯ ಲೇಸರೇ ನಂಬಿಕೆಗೆ ಅರ್ಹವಲ್ಲ ಎಂಬ ಎರಡನೆಯ ಹಿರಿಯರ ಮಾತನ್ನು ನಾನು ಒಪ್ಪಲಾರೆ. ನಿಮ್ಮದೂ ಸೇರುವ ಎಕ್ಸೈಮರ್ ಲೇಸರ್ ಎಂಬ ಬಗೆ ಹುಟ್ಟಿದ್ದೇ ಎಲೆಕ್ಟ್ರಾನ್ ಬೀಮ್‌ನಿಂದ: 1970ರಲ್ಲಿ ಮಾಸ್ಕೋದ ಲೆಬೆಡೆವ್ ಸಂಸ್ಥೆಯಲ್ಲಿ ಬಾಸೊವ್ ಮತ್ತು ಸಂಗಡಿಗರು ದ್ರವ ಕ್ಸೆನಾನ್‌ನಲ್ಲಿ ತೋರಿಸಿದ್ದು, 1975ರಲ್ಲಿ 248 ನ್ಯಾನೋಮೀಟರಿನ ಕ್ರಿಪ್ಟಾನ್ ಫ್ಲೋರೈಡ್ ಬಂದದ್ದು, ಎರಡೂ ಬೀಮ್‌ನಿಂದಲೇ. ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದ ಎಲೆಕ್ಟ್ರಾ ಎಂಬ ಯಂತ್ರ 500 ಕಿಲೋವೋಲ್ಟ್, ಸುಮಾರು 100 ಕಿಲೋಆಂಪಿಯರ್‌ನ ಬೀಮ್‌ಗಳಿಂದ ಸೆಕೆಂಡಿಗೆ ಐದು ಷಾಟ್ ಹೊಡೆದು, ನಿಲ್ಲದೆ ಹತ್ತಾರು ಸಾವಿರ ಷಾಟ್ ಓಡಿದೆ. ಅವರು ಅಲ್ಲಿಗೆ ತಲುಪಿದ್ದು ಫಾಯಿಲನ್ನು ದಪ್ಪ ಮಾಡಿಯಲ್ಲ. ಫಾಯಿಲನ್ನು ಹೊರುವ ಚೌಕಟ್ಟಿಗೆ, ಜಪಾನಿನ ಇದ್ದಿಲ ಒಲೆಯ ಹೆಸರಿನಿಂದ, ಹಿಬಾಚಿ ಎನ್ನುತ್ತಾರೆ. ಅವರು ಕ್ಯಾಥೋಡನ್ನೇ ಪಟ್ಟಿ ಪಟ್ಟಿಯಾಗಿ ಮಾಡಿ, ಬೀಮ್ ಹಿಬಾಚಿಯ ರಿಬ್‌ಗಳಿಗೆ ಬಡಿಯದೆ ನಡುವಿನ ಸಂದಿಗಳಲ್ಲೇ ಹಾಯುವಂತೆ ಹೊಂದಿಸಿದರು, ಪಲ್ಸ್ ನಂತರದ ವೋಲ್ಟೇಜನ್ನು ಹಿಡಿತಕ್ಕೆ ತಂದರು, ಫಾಯಿಲನ್ನು ತಂಪಾಗಿಡುವ ದಾರಿ ಕಂಡುಕೊಂಡರು. ಸ್ಪಾರ್ಕ್ ಗ್ಯಾಪ್ ಇಲ್ಲದ, ಸಾಲಿಡ್ ಸ್ಟೇಟ್ ಸ್ವಿಚ್‌ಗಳ ಪಲ್ಸ್ ಪವರ್ ಘಟಕವೊಂದನ್ನು ಅದೇ ಕಾರ್ಯಕ್ರಮದಡಿ ಒಂದು ಕೋಟಿಗೂ ಹೆಚ್ಚು ಷಾಟ್ ಓಡಿಸಿದ್ದಾರೆ. ಆ ಕಾರ್ಯಕ್ರಮದ ಗುರಿಯಾದ ಸಮ್ಮಿಳನ ವಿದ್ಯುತ್ ಸ್ಥಾವರಕ್ಕೆ ಬೇಕಾದ ಬಾಳಿಕೆಗೆ ಇದು ಇನ್ನೂ ಸಾಲದು, ಸೆಕೆಂಡಿಗೆ ಐದರಂತೆ ಎರಡು ವರ್ಷ ಓಡಿದರೆ 30 ಕೋಟಿ ಷಾಟ್ ದಾಟುತ್ತದೆ. ನಿಮ್ಮ ಪಿಎಚ್.ಡಿ.ಗೆ ಬೇಕಾಗಿರುವುದು ಕೆಲವು ಸಾವಿರ.

ಡಿಸ್ಚಾರ್ಜ್ ಲೇಸರಿನ ಬಗ್ಗೆಯೂ ಒಂದು ಮಾತು. ಕಣ್ಣಿನ ಲೇಸಿಕ್ ಶಸ್ತ್ರಚಿಕಿತ್ಸೆಯಲ್ಲೂ ಚಿಪ್ ತಯಾರಿಕೆಯಲ್ಲೂ ದುಡಿಯುವ ಎಕ್ಸೈಮರ್‌ಗಳು ಆ ಬಗೆಯವು, ಅವುಗಳ ಬಾಳಿಕೆಗೆ ನಮ್ಮ ಯಂತ್ರಗಳು ಸಾಟಿಯಲ್ಲ. ನಿಮ್ಮ ಪ್ರಯೋಗಕ್ಕೆ ಒಂದು ಜೂಲ್‌ಗಿಂತ ಕಡಿಮೆ, ಇಪ್ಪತ್ತು ಮೂವತ್ತು ನ್ಯಾನೋಸೆಕೆಂಡಿನ ಬೆಳಕು ಸಾಕಾಗುವುದಾದರೆ ಕೊಂಡುಕೊಳ್ಳಿ, ಹಿಂಜರಿಯಬೇಡಿ. ಆದರೆ ಫ್ಲೋರಿನ್ ಇರುವ ಅನಿಲದಲ್ಲಿ ಡಿಸ್ಚಾರ್ಜ್ ಬೇಗನೆ ದಾರಗಳಾಗಿ ಒಡೆದು ಆರ್ಕ್ ಆಗುತ್ತದೆ. ನಿಮ್ಮ ಕೋಶದ ನಾಲ್ಕು ಲೀಟರಿನಲ್ಲಿ, 200 ನ್ಯಾನೋಸೆಕೆಂಡಿನುದ್ದಕ್ಕೂ ಸಮನಾದ ಗೇನ್ ಬೇಕೆಂದರೆ ಬೀಮ್‌ಗೆ ಬದಲಿ ಇಲ್ಲ. ನಿಮ್ಮ ವಿಷಯವೇ ದೀರ್ಘ ಪಲ್ಸ್‌ನ ಗೇನ್ ಅಳತೆ ಎಂದು ಬರೆದಿರುವುದರಿಂದ ನೀವು ಇದರಲ್ಲೇ ಉಳಿಯಬೇಕು ಎಂಬುದು ನನ್ನ ಅಭಿಪ್ರಾಯ.

ಫಾಯಿಲ್ ಹರಿದ ಕ್ಷಣದಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ ನಿಮ್ಮ ಪತ್ರದಲ್ಲಿ ಏನೂ ಇಲ್ಲ, ಅದು ನನ್ನನ್ನು ಚಿಂತೆಗೀಡುಮಾಡಿದೆ. ಕೋಶದ ಫ್ಲೋರಿನ್ ಎಲ್ಲಾ ನಿರ್ವಾತದ ಕಡೆಗೆ ನುಗ್ಗಿ ಪಂಪಿಗೆ ಹೋಗುತ್ತದೆ. ಪಂಪಿನಲ್ಲಿ ಸಾಮಾನ್ಯ ಎಣ್ಣೆ ಇದ್ದರೆ ಅದು ಅಪಾಯ, ಫ್ಲೋರಿನ್ ತಡೆಯುವ ಪರ್‌ಫ್ಲೋರೋ ಎಣ್ಣೆ ಇರಲೇಬೇಕು. ಪಂಪಿನ ಹೊರಗಾಳಿ ವಿಷಾನಿಲವನ್ನು ಹೀರಿಕೊಳ್ಳುವ ಸ್ಕ್ರಬ್ಬರ್ ಮೂಲಕವೇ ಹೋಗಬೇಕು, ಒತ್ತಡ ಏರಿದ ಕೂಡಲೇ ಮುಚ್ಚುವ ಕವಾಟ ಇರಬೇಕು. ತೆರೆದ ಕೋಣೆಯ ತೇವ ತಾಗಿದೊಡನೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುವುದರಿಂದ, ಹರಿದ ಫಾಯಿಲ್ ಬದಲಿಸುವಾಗ ಕೈಗವಸಿಲ್ಲದೆ ಒಳಗೆ ಕೈ ಹಾಕಬಾರದು, ಆ ಆಮ್ಲದ ಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿರಬೇಕು. 200 ಕಿಲೋವೋಲ್ಟಿನ ಡಯೋಡ್ ಎಂದರೆ ಎಕ್ಸ್‌ರೇ ಯಂತ್ರವೂ ಹೌದು. ಸೀಸದ ಕವಚ, ಬಾಗಿಲಿನ ಇಂಟರ್‌ಲಾಕ್, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯ ಕಾಗದಗಳು ಸರಿಯಿವೆಯೇ ಎಂದು ನಿಮ್ಮ ಮಾರ್ಗದರ್ಶಕರನ್ನು ಕೇಳಿ. ಮಾರ್ಕ್ಸ್‌ಗೆ ಭೂಸ್ಪರ್ಶದ ಕೋಲು ತಾಗಿಸದೆ ಯಾರೂ ಹತ್ತಿರ ಹೋಗಕೂಡದು, ಎಷ್ಟೇ ಅವಸರವಿದ್ದರೂ.

ಹೊಸ ಫಾಯಿಲ್‌ಗೆ ಹಣ ಕೇಳುವ ಮೊದಲು ಈ ಕ್ರಮದಲ್ಲಿ ಕೆಲಸ ಮಾಡಿ ಎಂದು ನನ್ನ ಸಲಹೆ: ಈ ವಾರ ಡಿವೈಡರಿನ ಪರೀಕ್ಷೆ, ಆಮೇಲೆ 10 ಮೈಕ್ರೋಸೆಕೆಂಡಿನ ಟ್ರೇಸ್. ಬಾಲ ಕಂಡರೆ ಕ್ಯಾಥೋಡ್ ಅಂತರ ಮತ್ತು ಮಾರ್ಕ್ಸ್‌ನ ಶಕ್ತಿಯ ಹೊಂದಾಣಿಕೆ, ಅದರ ಜೊತೆಗೇ ವೆಲ್ವೆಟ್ ಅಂಚು ಮತ್ತು ರಿಬ್‌ಗಳ ಪಾಲಿಷ್. ಒಮ್ಮೆಗೆ ಒಂದನ್ನೇ ಬದಲಿಸಿದರೆ ಕಾರಣ ಸ್ಪಷ್ಟವಾಗುತ್ತದೆ ನಿಜ, ಆದರೆ ಅಂಚು ಮತ್ತು ಪಾಲಿಷ್ ಹೇಗೂ ಬೇಕಾದವು, ಅವಕ್ಕೆ ಕಾಯಬೇಕಾಗಿಲ್ಲ. ಪ್ರತಿ ಫಾಯಿಲ್‌ನ ಮೂಲೆಯಲ್ಲಿ, ಚೌಕಟ್ಟಿನ ಹೊರಗುಳಿಯುವ ಅಂಚಿನ ಮೇಲೆ, ಸಂಖ್ಯೆಯನ್ನೂ ಯಾವ ಮಗ್ಗುಲು ನಿರ್ವಾತದ ಕಡೆ ಎಂಬುದನ್ನೂ ಮಾರ್ಕರಿನಲ್ಲಿ ಬರೆದು ಜೋಡಿಸಿ. ಹರಿದ ಮೇಲೆ ತೂತುಗಳನ್ನು ಗ್ರಾಫ್ ಹಾಳೆಗೆ ಇಳಿಸಿ. ಐದು ಫಾಯಿಲ್‌ಗಳಾದ ಮೇಲೆ ಆ ಹಾಳೆಯನ್ನೂ ಉದ್ದನೆಯ ಟ್ರೇಸನ್ನೂ ನನಗೆ ಕಳಿಸಿಕೊಡಿ. ನೀವು ತಂದ ಮೂರು ಫಾಯಿಲ್‌ಗಳಲ್ಲಿ ಚುಕ್ಕಿಗಳಿರುವುದನ್ನು ನಾನು ಎರಡು ಗಾಜಿನ ನಡುವೆ ಇಟ್ಟಿದ್ದೇನೆ, ಮುಂದಿನ ಸಲ ಬಂದಾಗ ವಾಪಸ್ ತೆಗೆದುಕೊಂಡು ಹೋಗಿ.